ರಿಪೋರ್ಟ್ ನಾರ್ಮಲ್ ಬಂದ ಮೇಲೆ

ಸಕ್ಕರೆ ಕಾಯಿಲೆಯವರಿಗೆ ತೋರಿಸಲು ಒಂದು ಸಂಖ್ಯೆ ಇರುತ್ತದೆ, ಬಿ.ಪಿ. ಇರುವವರಿಗೆ ಎರಡು. ಖಿನ್ನತೆಯವರಿಗೆ ಒಂದೂ ಇಲ್ಲ. ಹಾಗಾಗಿ ನನ್ನ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 9.4 ಎಂದು ಬಂದಾಗ ಮನೆಯವರೆಲ್ಲ ನಿರಾಳವಾದರು. "ಥೈರಾಯ್ಡ್ ಅಂತ, ಅಷ್ಟ" ಎಂಬ ಸುದ್ದಿ ಡೊಂಬಿವಲಿಯಿಂದ ಧಾರವಾಡಕ್ಕೆ ಒಂದೇ ದಿನದಲ್ಲಿ ತಲುಪಿತು.

ಅಷ್ಟೇ ಆಗಿರಲಿಲ್ಲ. ಮೂರು ತಿಂಗಳಿಂದ ನಸುಕಿನ ನಾಲ್ಕಕ್ಕೇ ಎಚ್ಚರವಾಗುತ್ತಿತ್ತು. ಎದೆಯ ಮೇಲೆ ಕಲ್ಲು ಹೇರಿದಂತಿರುತ್ತಿತ್ತು. ಸಂಜೆಯ ಹೊತ್ತಿಗೆ ತುಸು ಸಡಿಲವಾಗುತ್ತಿತ್ತು. ಥೈರಾಯ್ಡ್ ಕಡಿಮೆಯಾದರೆ ದಣಿವು, ಮಂಕು, ಮರೆವು ಬಂದು ಖಿನ್ನತೆಯಂತೆಯೇ ಕಾಣುತ್ತದೆ, ಅದಕ್ಕೇ ಮೊದಲು ಪರೀಕ್ಷೆ ಮಾಡಿಸಿದ್ದು ಎಂದರು ಮನೋವೈದ್ಯರು. ಆದರೆ ನಿನ್ನ ಕಷ್ಟವನ್ನೆಲ್ಲ ಆ ಒಂದು ಸಂಖ್ಯೆಯ ಮೇಲೆ ಹೊರಿಸಲಾಗದು ಎಂದೂ ಹೇಳಿದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ 50 ಮೈಕ್ರೋಗ್ರಾಂ ಥೈರಾಕ್ಸಿನ್, ರಾತ್ರಿ ಊಟದ ನಂತರ 10 ಮಿಲಿಗ್ರಾಂ ಎಸ್ಸಿಟಲೊಪ್ರಾಮ್ ಬರೆದುಕೊಟ್ಟರು.

ನಸುಕಿನ ನಾಲ್ಕರ ಹಿಂದೆಯೂ ಹಾರ್ಮೋನ್ ಇರಬಹುದೇ ಎಂದು ಓದತೊಡಗಿದೆ. ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತೀರ ಕಡಿಮೆಯಿದ್ದು, ಬೆಳಗಾಗುತ್ತ ಏರಿ, ಎಚ್ಚರವಾದ ಸ್ವಲ್ಪ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ತೀವ್ರ ಖಿನ್ನತೆಯಿರುವ ಹಲವರಲ್ಲಿ ಅದು ಇಳಿಯಬೇಕಾದಷ್ಟು ಇಳಿಯುವುದೇ ಇಲ್ಲ. 1981ರಲ್ಲಿ ಬರ್ನಾರ್ಡ್ ಕ್ಯಾರಲ್ ಮತ್ತು ಸಂಗಡಿಗರು ಇದನ್ನೇ ಹಿಡಿದು ಒಂದು ಪರೀಕ್ಷೆಯನ್ನು ಮುಂದಿಟ್ಟರು. ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಕೊಟ್ಟು ಮರುದಿನ ಕಾರ್ಟಿಸಾಲ್ ಅಳೆಯುವುದು. ಆರೋಗ್ಯವಂತರಲ್ಲಿ ಅದು ತಗ್ಗಿರುತ್ತದೆ. ಖಿನ್ನತೆಗೂ ಕೊನೆಗೊಂದು ರಕ್ತಪರೀಕ್ಷೆ ಸಿಕ್ಕಿತೆಂಬ ಉತ್ಸಾಹ ಬಹಳ ಕಾಲ ಉಳಿಯಲಿಲ್ಲ. ಖಿನ್ನತೆಯಿದ್ದ ಅನೇಕರಲ್ಲಿ ಕಾರ್ಟಿಸಾಲ್ ಸರಿಯಾಗಿಯೇ ತಗ್ಗಿತು, ಬೇರೆ ಕಾಯಿಲೆಯವರಲ್ಲಿ ತಗ್ಗಲಿಲ್ಲ. ಆದರೂ ಆ ಅಧ್ಯಯನಗಳಿಂದ ಒಂದು ಮಾತು ಉಳಿದುಕೊಂಡಿತು: ಚಿಕಿತ್ಸೆಯಿಂದ ಗೆಲುವಾಗಿ ಕಂಡ ಮೇಲೂ ಯಾರ ಕಾರ್ಟಿಸಾಲ್ ತಗ್ಗುವುದಿಲ್ಲವೋ ಅವರಲ್ಲಿ ಖಿನ್ನತೆ ಮರುಕಳಿಸುವ ಸಂಭವ ಹೆಚ್ಚು. ಮುಖ ಅರಳಿದ ಮೇಲೂ ಒಳಗಿನ ಕೆಲಸ ಬಾಕಿ ಇರಬಹುದು.

ನನ್ನಲ್ಲಿ ಆದದ್ದು ಅದರ ತಿರುವುಮುರುವು. ಎಂಟನೆಯ ವಾರಕ್ಕೆ ಟಿಎಸ್‌ಎಚ್ 3.1ಕ್ಕೆ ಇಳಿಯಿತು. ಅವ್ವ ಫೋನಿನಲ್ಲಿ, "ರಿಪೋರ್ಟ್ ನಾರ್ಮಲ್ ಬಂದೈತೆಲ್ಲ ಯವ್ವಾ, ಇನ್ನ್ಯಾಕ ಆ ತಲಿ ಗುಳಿಗಿ?" ಎಂದಳು. ಸಂಖ್ಯೆ ಗುಣವಾಗಿತ್ತು, ನಾನು ಆಗಿರಲಿಲ್ಲ. ಆಗಲೂ ನಾಲ್ಕಕ್ಕೇ ಏಳುತ್ತಿದ್ದೆ.

ಗುಣವಾಗುವುದು ಮೊದಲು ಕಂಡದ್ದು ಮನಸ್ಸಿನಲ್ಲಲ್ಲ, ದೇಹದಲ್ಲಿ. ನಾಲ್ಕರ ಎಚ್ಚರ ಐದಕ್ಕೆ ಸರಿಯಿತು. ಆಮೇಲೆ ಹಸಿವು ಬಂತು. ಒಗ್ಗರಣೆಯ ವಾಸನೆಗೆ ಅಡುಗೆಮನೆಯತ್ತ ತಿರುಗಿದೆ. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬಾಗಿಲ ಬಳಿ ಸುಮ್ಮನೆ ನಿಲ್ಲುತ್ತಿದ್ದವಳು ಒಂದು ದಿನ "ಜರಾ ಸರಕಾ" ಎಂದು ನಾಲ್ಕನೇ ಸೀಟಿಗೆ ಜಗಳವಾಡಿಯೇ ಕೂತೆ. ಬದಲಾವಣೆಯನ್ನು ಮೊದಲು ಗುರುತಿಸಿದವಳು ಅಕ್ಕ. "ನಿನ್ನ ದನಿ ಬ್ಯಾರೇನ ಆಗೇತಿ" ಎಂದಳು. ಸಂತೋಷ ಎಂಬುದು ಎಲ್ಲಕ್ಕಿಂತ ಕೊನೆಗೆ ಬಂತು. ಯಾವ ಗುಳಿಗೆ ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ಮನೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಮರ್ಯಾದೆ ಇರಲಿಲ್ಲ. ಥೈರಾಯ್ಡ್ ಗುಳಿಗೆ ಚಹಾಪುಡಿ ಡಬ್ಬಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಕೂತರೆ, ಇನ್ನೊಂದು ಕಪಾಟಿನಲ್ಲಿ ಸೀರೆಗಳ ಕೆಳಗೆ. ಗೆಲುವಾದ ಮೇಲೆ ಕಡಿಮೆಯೆಂದರೂ ಆರು ತಿಂಗಳು ಮುಂದುವರಿಸಬೇಕು, ಆಮೇಲೆ ಮೆಲ್ಲಗೆ ಇಳಿಸಬೇಕು, ಒಮ್ಮೆಲೇ ನಿಲ್ಲಿಸಬಾರದು ಎಂದಿದ್ದಾರೆ ವೈದ್ಯರು. ಆರು ತಿಂಗಳು ಸೀರೆ ಎತ್ತಿ ಎತ್ತಿ ಇಡುವುದು ಯಾಕೆಂದು ಅದನ್ನೂ ಚಹಾಪುಡಿ ಡಬ್ಬಿಯ ಪಕ್ಕಕ್ಕೆ ತಂದಿಟ್ಟೆ.

ಈಗ ನಾಲ್ಕನೆಯ ತಿಂಗಳು. ಮೊನ್ನೆ ಅವ್ವ ಮತ್ತೆ ಕೇಳಿದಳು, "ಇನ್ನೂ ಎಷ್ಟ ದಿನ?"

"ನಸುಕಿನ್ಯಾಗ ನಿದ್ದಿ ಬರಾಕತ್ತೈತಿ ಅವ್ವಾ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ತಗೋ" ಎಂದಳು.