ಮುಚ್ಚಳವಿಲ್ಲದ ಡಬ್ಬಿ

ಸಿಲಿಂಡರ್ ಎಂದೊಡನೆ ನಿಮಗೇನು ನೆನಪಾಗುತ್ತದೆ, ಹೇಳಿ? ಅಡಿಗೆಮನೆಯ ಗ್ಯಾಸ್ ತಾನೆ! ನನಗೂ ಅಷ್ಟೇ. ಮೊನ್ನೆ ರಾತ್ರಿ ಹೈಸ್ಕೂಲಿನ ಮಗಳು ಪುಸ್ತಕದ ಮೇಲೆ ತಲೆಯಿಟ್ಟು, "ಅಮ್ಮಾ, ಈ ಸಿಲಿಂಡರ್ ಲೆಕ್ಕ ನನಗೆ ಬರೋದೇ ಇಲ್ಲ. ಮುಂದೆ ಲೆಕ್ಕ ಇರೋ ಓದೇ ಬೇಡ" ಎಂದು ಅತ್ತಳು.

"ನಿಮ್ಮಪ್ಪನ್ನ ಕೇಳು" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. ಅವಳ ವಯಸ್ಸಿನಲ್ಲಿ ನಾನೂ ಹೀಗೇ ಹೆದರಿ ಲೆಕ್ಕ ಬಿಟ್ಟವಳು. "ಹುಡುಗಿಗೆ ಲೆಕ್ಕ ಯಾಕೆ, ಬಿಡು" ಎಂದು ಮನೆಯವರೂ ಸುಮ್ಮನಾಗಿದ್ದರು. ಆ ಮಾತು ಇವಳ ಪಾಲಿಗೂ ಬರಬಾರದು ಅನ್ನಿಸಿತು.

ಲೆಕ್ಕ ಇಷ್ಟೇ: ಮೇಲೆ ತೆರೆದಿರುವ ತಗಡಿನ ಡಬ್ಬಿ. ತ್ರಿಜ್ಯ 7 ಸೆಂಟಿಮೀಟರ್, ಎತ್ತರ 20. ತಗಡು ಎಷ್ಟು ಬೇಕು? ಅವಳಿಗೆ ಬಂದದ್ದು 1188 ಚದರ ಸೆಂಟಿಮೀಟರ್. ಪುಸ್ತಕದ ಹಿಂದಿದ್ದ ಉತ್ತರ 1034. ಮೂರು ಸಲ ಮಾಡಿದರೂ ಅದೇ 1188!

ಸೂತ್ರ ನನಗೆ ಮರೆತೇ ಹೋಗಿತ್ತು. ರವೆ ಡಬ್ಬಿ ತಂದು ಅದಕ್ಕೆ ಹಳೇ ಪೇಪರು ಸುತ್ತಿದೆ. ಅಂಚು ಕೂಡುವ ಕಡೆ ಕತ್ತರಿಸಿ ಬಿಡಿಸಿದರೆ, ದುಂಡಗಿದ್ದದ್ದು ಆಯತವಾಗಿ ಕೂತಿದೆ! ಅದರ ಅಗಲವೇ ಡಬ್ಬಿಯ ಎತ್ತರ. ಉದ್ದವೇ ಡಬ್ಬಿಯ ಸುತ್ತಳತೆ. ಒಂದು ದಾರ ಸುತ್ತಿ ನೀವೇ ನೋಡಿ. ಡಬ್ಬಿಯ ಬಾಯಿ ಎಷ್ಟಗಲವೋ ಅದರ ಮೂರರಷ್ಟು, ಜತೆಗೆ ಸುಮಾರು ಏಳನೇ ಒಂದು ಪಾಲು. ನಮ್ಮ ಆರ್ಯಭಟ ಕ್ರಿ.ಶ. 499ರಲ್ಲೇ ಇದನ್ನು ಇನ್ನೂ ನಿಖರವಾಗಿ, ವ್ಯಾಸ 20000 ಇದ್ದರೆ ಪರಿಧಿ 62832 ಎಂದು ಹೇಳಿಟ್ಟಿದ್ದಾನೆ.

ಇನ್ನು ಮಗಳೇ ಲೆಕ್ಕ ಹಾಕಿದಳು. ಪುಸ್ತಕದ ಡಬ್ಬಿಯ ವ್ಯಾಸ 14, ಸುತ್ತಳತೆ 44. ಅದಕ್ಕೆ 20ರಿಂದ ಗುಣಿಸಿದರೆ 880. ತಳದ ಬಿಲ್ಲೆ 154.

"ಮೇಲಿನ ಬಿಲ್ಲೆಗೆ ಇನ್ನೊಂದು 154" ಎಂದು ಬರೆಯಹೊರಟಳು.

ನಾನು ರವೆ ಡಬ್ಬಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ. "ಮೇಲೆ ತೆರೆದಿದೆ ಅಂತಾರಲ್ಲ, ಮುಚ್ಚಳ ಎಲ್ಲೇ?"

ಒಂದು ಗಳಿಗೆ ಸುಮ್ಮನಿದ್ದವಳು ನಕ್ಕುಬಿಟ್ಟಳು. 880ಕ್ಕೆ ಒಂದೇ 154 ಕೂಡಿಸಿದರೆ 1034!

ಅವಳ ಸೂತ್ರ ತಪ್ಪಿರಲಿಲ್ಲ. ಆದರೆ ಸೂತ್ರಕ್ಕೆ ಕಣ್ಣಿಲ್ಲ. ಮುಚ್ಚಳ ಇದೆಯೋ ಇಲ್ಲವೋ ನಾವೇ ನೋಡಬೇಕು. ಡಬ್ಬಿಗೆ ಬಟ್ಟೆಯ ಕವರು ಹೊಲಿಯುವಾಗ ನಾವು ಮಾಡುವುದೂ ಇದೇ ಅಲ್ಲವೇ? ಸುತ್ತಲಿಗೊಂದು ಪಟ್ಟಿ, ತಳಕ್ಕೊಂದು ಬಿಲ್ಲೆ. ಹೊಲಿಗೆಗೆ ಒಂದಿಷ್ಟು ಹೆಚ್ಚು ಬಟ್ಟೆ ಬಿಡುತ್ತೇವೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಮಕ್ಕಳು ಕೇಳಿದಾಗ "ನನಗೇನೂ ಬರೋಲ್ಲ" ಎಂದುಬಿಡಬೇಡಿ. ಡಬ್ಬಿ ತಂದು ಜತೆಗೆ ಕೂತುಕೊಳ್ಳಿ.

ಹಾಂ, ಆ ಸಂಭ್ರಮದಲ್ಲಿ ರವೆ ಡಬ್ಬಿಯ ಮುಚ್ಚಳ ಎಲ್ಲಿಟ್ಟೆನೋ, ಇನ್ನೂ ಹುಡುಕುತ್ತಿದ್ದೇನೆ!