ಬ್ಯಾಣದಲ್ಲಿ ಜಿಗಿದ ಇರುವೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮಕ್ಕಳಿಗೆ ಇರುವೆಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಲಸಿನ ಮರ ಹತ್ತಿದವನಿಗೆ ಚಗಳಿಯ ಪರಿಚಯ ಮೊದಲ ಕೊಂಬೆಯಲ್ಲೇ ಆಗಿಬಿಡುತ್ತದೆ. ಎಲೆಗೆ ಎಲೆ ಹೆಣೆದು ಗೂಡು ಕಟ್ಟುವ ಈ ಕೆಂಪಿರುವೆಯನ್ನು ಮೊಟ್ಟೆಸಮೇತ ಹುರಿದು, ಉಪ್ಪು ಖಾರ ಹಾಕಿ ಅರೆದು ಚಟ್ನಿ ಮಾಡುವ ಮನೆಗಳು ಇಲ್ಲಿ ಇಂದಿಗೂ ಇವೆ. ನೆಗಡಿಗೆ ಅದಕ್ಕಿಂತ ಬೇರೆ ಮದ್ದಿಲ್ಲ ಎನ್ನುವವರೂ ಇದ್ದಾರೆ. ಕಪ್ಪಗೆ, ದಪ್ಪಗೆ ಬೆಲ್ಲದ ಡಬ್ಬಿಯ ಸುತ್ತ ತಿರುಗುವುದು ಗೊದ್ದ. ಕಚ್ಚಿ ಉರಿ ಹತ್ತಿಸುವುದು ಕಟ್ಟಿರುವೆ. ಅಲ್ಲಿಗೆ ಹೆಸರುಗಳು ಮುಗಿದವು. ಉಳಿದದ್ದೆಲ್ಲ ಬರೀ ಇರುವೆ. ಭಾರತದ ಇರುವೆಗಳ ಒಂದು ಪಟ್ಟಿ ೨೦೧೬ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಜಾತಿ, ಉಪಜಾತಿಗಳ ಸಂಖ್ಯೆ ೮೨೮. ಮೂರು ಮತ್ತೊಂದು ಹೆಸರಿನಲ್ಲಿ ಅಷ್ಟನ್ನೂ ಸುಧಾರಿಸುವುದೆಂದರೆ, ಊರಿನವರನ್ನೆಲ್ಲ ಉದ್ದದವರು, ಗಿಡ್ಡದವರು ಎಂದು ಕರೆದು ಮುಗಿಸಿದಂತೆಯೇ ಸರಿ.

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಒಂಬತ್ತನೆಯ ತರಗತಿಯ ಹುಡುಗಿಗೆ ಈ ಹೆಸರುಗಳು ಸಾಲದೆ ಹೋದದ್ದು ಮನೆಯ ಹಿಂದಿನ ಬ್ಯಾಣದಲ್ಲಿ. ಬ್ಯಾಣವೆಂದರೆ ಅಲ್ಲೊಂದು ಇಲ್ಲೊಂದು ಮರ, ನಡುವೆ ದನ ಮೇಯುವ ಹುಲ್ಲು. ಭೂಗೋಳದ ಪುಸ್ತಕದಲ್ಲಿ ಆಫ್ರಿಕಾದ ಚಿತ್ರ ಹಾಕಿ ಸವನ್ನಾ ಎಂದು ತೋರಿಸುತ್ತಾರಲ್ಲ, ಅದರ ಮಲೆನಾಡಿನ ಬಡ ಸಂಬಂಧಿ ಎನ್ನಬಹುದು. ದನ ಹೊಡೆದುಕೊಂಡು ಬರಲು ಹೋದವಳ ಕಾಲ ಬಳಿ ಉದ್ದ ಮೂತಿಯ ಇರುವೆಯೊಂದು ಒಂಟಿಯಾಗಿ ನಿಂತಿತ್ತು. ಸಾಲಿಲ್ಲ, ಸಂಗಡಿಗರಿಲ್ಲ. ಬೆರಳು ಚಾಚಿದರೆ ತಲೆ ತಿರುಗಿಸಿ ಅವಳನ್ನೇ ನೋಡಿತು. ಇನ್ನಷ್ಟು ಹತ್ತಿರ ಹೋದಾಗ ಮಿಡತೆಯಂತೆ ಜಿಗಿಯಿತು.

ಅಪ್ಪನಿಗೆ ಆಗ ಬೇರೆಯದೇ ಚಿಂತೆ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿತ್ತು. ಮಗಳಾದರೂ ಓದಿ ಒಂದು ದಡ ಸೇರಲಿ ಎಂಬುದು ಆ ಕಡೆಯ ಬಹಳ ಮನೆಗಳ ಮಾತು, ಅದನ್ನು ತಪ್ಪೆನ್ನುವಂತಿಲ್ಲ.

“ಎಂತದೇ ಅದು? ಪರೀಕ್ಷೆ ಹತ್ರ ಬಂತು. ನೆಲ ನೋಡ್ತಾ ಕೂತರೆ ಮಾರ್ಕ್ಸ್ ಬರ್ತದಾ?”

“ಅಪ್ಪಯ್ಯ, ಇರುವೆ ಜಿಗೀತದೆ!”

“ಮಿಡತೆ ಇರ್ಬೇಕು. ಒಳಗೆ ನಡಿ.”

ಅಜ್ಜಿ ಮಾತ್ರ ಮರುದಿನ ಬಂದು ಬಗ್ಗಿ ನೋಡಿದರು. “ಅದರ ಬಾಯಿ ನೋಡೇ, ಕುಡುಗೋಲು ಇದ್ದ ಹಾಂಗೆ ಇದೆ” ಎಂದರು. ಹೆಸರು ಅವರಿಗೂ ಗೊತ್ತಿರಲಿಲ್ಲ.

ಶಾಲೆಯ ವಿಜ್ಞಾನದ ಮೇಷ್ಟ್ರು ಕೊಟ್ಟ ಸಲಹೆ ಚಿಕ್ಕದು: ಹೆಸರು ಆಮೇಲೆ, ಮೊದಲು ಕಂಡದ್ದನ್ನು ಬರಿ. ಕೇಳಲು ಸುಲಭ, ಮಾಡಲು ಕಷ್ಟ. ಇರುವೆ ಹೌದೋ ಅಲ್ಲವೋ ಎಂಬಲ್ಲಿಂದಲೇ ಶುರುವಾಗಬೇಕು. ಗೆದ್ದಲನ್ನು ಬಿಳಿ ಇರುವೆ ಎನ್ನುವವರಿದ್ದಾರೆ. ಅದಕ್ಕೆ ಇರುವೆಯ ಸಪೂರ ಸೊಂಟವೂ ಇಲ್ಲ, ಮೊಣಕೈಯಂತೆ ಮಡಿಚಿದ ಮೀಸೆಯೂ ಇಲ್ಲ. ಚಗಳಿಯ ವೇಷ ಹಾಕಿಕೊಂಡು ತಿರುಗುವ ಜೇಡವೊಂದಿದೆ. ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಮೇಲೆತ್ತಿ ಆಡಿಸುತ್ತ ಅದು ಎಂಥವರನ್ನೂ ಯಾಮಾರಿಸುತ್ತದೆ. ಕಾಲು ಎಣಿಸಿದರೆ ಎಂಟು, ಗುಟ್ಟು ರಟ್ಟು.

ಆಮೇಲೆ ಸೊಂಟ. ಎದೆಗೂ ಹೊಟ್ಟೆಗೂ ನಡುವೆ ಇರುವೆಗೆ ಗಂಟು ಇರುತ್ತದೆ. ಗೊದ್ದಕ್ಕೆ, ಚಗಳಿಗೆ ಒಂದೇ ಗಂಟು. ಸಕ್ಕರೆಗೆ ಮುತ್ತುವ ಸಣ್ಣ ಕೆಂಪಿರುವೆಗೆ ಎರಡು. ಒಂದೋ ಎರಡೋ ಎಂದು ತಿಳಿದರೆ ಹುಡುಕಾಟದ ಅರ್ಧ ದಾರಿ ಸವೆದಂತೆ. ಬಣ್ಣವನ್ನು ಮಾತ್ರ ಪೂರ್ತಿ ನಂಬುವ ಹಾಗಿಲ್ಲ. ಚಗಳಿಯ ಶಾಸ್ತ್ರೀಯ ಹೆಸರು ಇಕೋಫಿಲ್ಲಾ ಸ್ಮರಾಗ್ಡಿನಾ. ಸ್ಮರಾಗ್ಡಿನಾ ಎಂದರೆ ಪಚ್ಚೆಯ ಬಣ್ಣದ್ದು! ನಮ್ಮೂರಿನ ಕೆಂಪಿರುವೆಗೆ ಪಚ್ಚೆಯ ಹೆಸರೇಕೆ ಎಂದು ಕೇಳುವವರು ಅದರ ರಾಣಿಯನ್ನು ನೋಡಬೇಕು. ಅವಳ ಮೈ ಹಸಿರು.

ಹುಡುಗಿಯ ನೋಟ್ ಪುಸ್ತಕದಲ್ಲಿ ವಾರದೊಳಗೆ ಒಂದು ಪುಟ ತುಂಬಿತು. ಉದ್ದ, ಸ್ಕೇಲಿನ ಪಕ್ಕ ಬಂದಾಗ, ಒಂದೂವರೆ ಸೆಂಟಿಮೀಟರಿನಷ್ಟು. ಸೊಂಟದಲ್ಲಿ ಗಂಟು ಒಂದು. ತಲೆ, ಎದೆ ಕೆಂಗಂದು, ಹೊಟ್ಟೆ ಕಪ್ಪು. ಕಣ್ಣು ಬಹಳ ದೊಡ್ಡದು, ತಲೆಯ ಮುಂಭಾಗದಲ್ಲೇ ಇದೆ. ದವಡೆ ಉದ್ದ, ತುದಿ ಮೇಲಕ್ಕೆ ಬಾಗಿದೆ. ಹಗಲು ಒಂಟಿಯಾಗಿ ಬೇಟೆಯಾಡುತ್ತದೆ. ಒಮ್ಮೆ ಜೇಡವನ್ನು, ಒಮ್ಮೆ ಚಿಮ್ಮಟೆಯನ್ನು ಕಚ್ಚಿಕೊಂಡು ಹೋಯಿತು. ಫೋನಿನಲ್ಲಿ ಫೋಟೊ ತೆಗೆದರೆ ಸಾಲದೇ ಎಂದು ಕೇಳಬಹುದು. ಮೇಲಿನಿಂದ ತೆಗೆದ ಒಂದೇ ಫೋಟೊ ಸಾಲದು. ಇರುವೆ ತಜ್ಞರು ಕೇಳುವುದು ಮೂರು: ತಲೆಯ ನೇರ ನೋಟ, ಪಕ್ಕದ ನೋಟ, ಮೇಲಿನ ನೋಟ. ಗಂಟು ಕಾಣುವುದು ಪಕ್ಕದಿಂದ.

ಈ ಪುಟವನ್ನು ಹಿಡಿದು ಹುಡುಕಿದಾಗ ಸಿಕ್ಕ ಹೆಸರು ಹಾರ್ಪೆಗ್ನಾಥೋಸ್ ಸಾಲ್ಟೇಟರ್. ೧೮೫೧ರಲ್ಲಿ ಥಾಮಸ್ ಜರ್ಡನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ದಕ್ಷಿಣ ಭಾರತದ ಇರುವೆಗಳ ಪಟ್ಟಿಯೊಂದನ್ನು ಮದರಾಸಿನ ಪತ್ರಿಕೆಯಲ್ಲಿ ಪ್ರಕಟಿಸಿದ. ಹಕ್ಕಿಗಳ ಪುಸ್ತಕ ಬರೆದು ಪ್ರಸಿದ್ಧನಾದವನೂ ಅವನೇ. ಕ್ಯಾಮೆರಾ ಇಲ್ಲದೆ, ಬರೀ ನೋಡಿ ಬರೆದು ಅವನು ಕೊಟ್ಟ ಹೆಸರು ಇಂದಿಗೂ ಬದಲಾಗಿಲ್ಲ. ಗ್ರೀಕಿನಲ್ಲಿ ಹಾರ್ಪೆ ಎಂದರೆ ಕುಡುಗೋಲು, ಗ್ನಾಥೋಸ್ ಎಂದರೆ ದವಡೆ. ಲ್ಯಾಟಿನ್ನಿನ ಸಾಲ್ಟೇಟರ್ ಎಂದರೆ ಕುಣಿಯುವವ. ಬಗ್ಗಿ ನೋಡಿದ ಅಜ್ಜಿ ಒಂದೇ ಮಾತಿನಲ್ಲಿ ಅರ್ಧ ಹೆಸರನ್ನು ಹೇಳಿ ಮುಗಿಸಿದ್ದರು.

ಮುಂದಿನ ಕತೆ ಇನ್ನೂ ಸ್ವಾರಸ್ಯದ್ದು, ಮತ್ತು ಅದು ಪಕ್ಕದ ಸಾಗರ ತಾಲ್ಲೂಕಿನದು. ಜೋಗದ ಆಸುಪಾಸಿನಲ್ಲಿ ತೊಂಬತ್ತರ ದಶಕದಲ್ಲಿ ವಿಜ್ಞಾನಿಗಳು ಈ ಇರುವೆಯ ಗೂಡುಗಳನ್ನು ಅಗೆದು ನೋಡಿದರು. ಕ್ರಿಶ್ಚಿಯನ್ ಪೀಟರ್ಸ್, ಇರುವೆಗಳ ಮೇಲಿನ ಪುಸ್ತಕಕ್ಕೆ ಎಡ್ವರ್ಡ್ ವಿಲ್ಸನ್ ಜೊತೆ ೧೯೯೧ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಬರ್ಟ್ ಹೋಲ್ಡಾಬ್ಲರ್, ಮಾರ್ಕ್ ಮಾಫೆಟ್, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ ಸೇರಿ ೧೯೯೪ರಲ್ಲಿ ಈ ಗೂಡನ್ನು ವರ್ಣಿಸಿದರು. ಮಲೆನಾಡಿನ ಮಳೆ ಗೊತ್ತಿದ್ದವರಿಗೆ ಆ ಗೂಡಿನ ಬುದ್ಧಿವಂತಿಕೆ ಥಟ್ಟನೆ ಹೊಳೆಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲವೇ ಇದು! ನೆಲದೊಳಗಿನ ಕೋಣೆಗೆ ಕಮಾನಿನ ಚಾವಣಿ, ಚಾವಣಿಗೂ ಸುತ್ತಲಿನ ಮಣ್ಣಿಗೂ ನಡುವೆ ಖಾಲಿ ಜಾಗ. ನೀರು ಇಳಿದರೂ ಸುತ್ತಿ ಕೆಳಗೆ ಹರಿದುಹೋಗಬೇಕು. ಒಳಗೋಡೆಗೆ ಮರಿಗಳು ಬಿಟ್ಟುಹೋದ ಕೋಶಗಳ ಸಿಪ್ಪೆಯನ್ನು ಕಾಗದದಂತೆ ಅಂಟಿಸಿರುತ್ತವೆ. ಕಸಕ್ಕೆ ಬೇರೆಯೇ ಕೋಣೆ.

ಇಷ್ಟು ಕಷ್ಟಪಟ್ಟು ಕಟ್ಟಿದ ಮನೆಯನ್ನು ರಾಣಿ ಸತ್ತಳೆಂದು ಬಿಟ್ಟುಹೋಗುವುದುಂಟೇ? ಬಹಳ ಇರುವೆಗಳಲ್ಲಿ ರಾಣಿ ಹೋದರೆ ಸಂಸಾರವೇ ಮುಗಿಯುತ್ತದೆ. ಇಲ್ಲಿ ಹಾಗಿಲ್ಲ. ಕೆಲಸಗಾರ್ತಿಯರು ಮೀಸೆಯಿಂದ ಮೀಸೆಗೆ ಹೊಡೆದಾಡುತ್ತ ವಾರಗಟ್ಟಲೆ ಪಂದ್ಯ ನಡೆಸುತ್ತಾರೆ. ಗೆದ್ದ ಕೆಲವರು ಗೂಡಿನ ಗಂಡುಗಳೊಡನೆ ಕೂಡಿ ತಾವೇ ಮೊಟ್ಟೆಯಿಡತೊಡಗುತ್ತಾರೆ. ಇಂಥವರಿಗೆ ಗೇಮರ್ಗೇಟ್ ಎಂಬ ಹೆಸರಿದೆ. ಮದುವೆಯಾದ ಕೆಲಸಗಾರ್ತಿ ಎಂದರ್ಥ. ಪಟ್ಟ ಸಿಕ್ಕ ಮೇಲೆ ಆಯುಸ್ಸು ಸುಮಾರು ಏಳು ತಿಂಗಳಿಂದ ನಾಲ್ಕು ವರ್ಷಕ್ಕೆ ಏರುತ್ತದೆ, ಮಿದುಳು ಮಾತ್ರ ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಬೇಟೆಯಿಲ್ಲ, ದಾರಿ ಹುಡುಕುವ ಗೋಜಿಲ್ಲ, ಅಷ್ಟು ದೊಡ್ಡ ಮಿದುಳೇಕೆ? ಇನ್ನೂ ಬೆರಗಿನ ಸಂಗತಿ ೨೦೨೧ರಲ್ಲಿ ಪ್ರಕಟವಾಯಿತು: ಆ ಪಟ್ಟದರಸಿಯನ್ನು ಕೆಲವು ವಾರ ಒಂಟಿಯಾಗಿಟ್ಟರೆ ಅವಳು ಮತ್ತೆ ಕೆಲಸಗಾರ್ತಿಯಾಗುತ್ತಾಳೆ, ಕುಗ್ಗಿದ ಮಿದುಳು ಮತ್ತೆ ಬೆಳೆಯುತ್ತದೆ. ೧೯೯೯ರಲ್ಲಿ ಕರ್ನಾಟಕದಿಂದ ಒಯ್ದ ಒಂದು ಗೂಡಿನ ಸಂತತಿ ಅಮೆರಿಕದ ಪ್ರಯೋಗಶಾಲೆಗಳಲ್ಲಿ ಬೆಳೆಯಿತು. ೨೦೧೦ರಲ್ಲಿ ಈ ಇರುವೆಯ ಇಡೀ ಜೀನೋಮನ್ನು ಓದಿದ್ದೂ ಆಯಿತು.

ಇದನ್ನೆಲ್ಲ ಹುಡುಗಿ ಊಟದ ಹೊತ್ತಿನಲ್ಲಿ ಹೇಳಿದಾಗ ಅಪ್ಪ ಮಾತಾಡದೆ ಕೇಳಿದರು. ಅಮೆರಿಕ ಎಂದದ್ದಕ್ಕೋ, ಮಿದುಳು ಕುಗ್ಗುತ್ತದೆ ಎಂದದ್ದಕ್ಕೋ, ಹೇಳುವುದು ಕಷ್ಟ. “ನಮ್ಮ ಬ್ಯಾಣದ್ದೇ ಅಂತ ಹೆಂಗೆ ಹೇಳ್ತಿ?” ಎಂದಷ್ಟೇ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಅವಳು ನೋಟ್ ಪುಸ್ತಕ ತಂದು ಗಂಟು, ಕಣ್ಣು, ದವಡೆ ಒಂದೊಂದನ್ನೇ ತೋರಿಸಿದಳು. ಗೂಡು ಅಗೆಯಲು ಮಾತ್ರ ಹೋಗಿರಲಿಲ್ಲ. ಬೇಟೆಯನ್ನು ಮರಗಟ್ಟಿಸುವ ಕೊಂಡಿ ಅದಕ್ಕಿದೆ, ಮನುಷ್ಯರಿಗೂ ನೋವು ತಪ್ಪದು.

ಬೇಸಿಗೆಯಲ್ಲಿ ತೋಟಕ್ಕೆ ಹೊಸಮಣ್ಣು ಹಾಕಿಸಬೇಕಿತ್ತು. ಮಣ್ಣು ಎಂದರೆ ಬ್ಯಾಣದ್ದೇ. ಮೊದಲು ಆಳುಗಳು ಬುಟ್ಟಿಯಲ್ಲಿ ಹೊರುತ್ತಿದ್ದರು, ಈಗ ಜೆಸಿಬಿ ಬಂದು ಅರ್ಧ ದಿನದಲ್ಲಿ ದರೆ ಬಗೆದುಹಾಕುತ್ತದೆ. ಅದು ಬರುವ ಹಿಂದಿನ ಸಂಜೆ ಅಪ್ಪ ಮಗಳನ್ನು ಕರೆದು ಆ ಜಿಗಿಯೋ ಇರುವೆ ಗೂಡು ಯಾವ ಮಗ್ಗುಲಲ್ಲಿದೆ ಎಂದು ಕೇಳಿದರು. ಅವಳು ನೇರಳೆ ಮರದ ಕಡೆ ಕೈ ತೋರಿಸಿದಳು. ಬೆಳಿಗ್ಗೆ ಜೆಸಿಬಿಯವನಿಗೆ ಅವರು ತೋರಿಸಿದ್ದು ಆಚೆಯ ದರೆಯನ್ನು. ಎರಡು ಟ್ರಿಪ್ ಜಾಸ್ತಿಯಾಗ್ತದೆ ಎಂದು ಅವನು ಗೊಣಗಿದ.