ಅಪ್ಸರಕೊಂಡದ ಗಾಳಿ

ಗುಡ್ಡ ಹತ್ತುವುದೆಂದರೆ ಕೈಯಲ್ಲಿ ಹಗ್ಗ, ಬೆನ್ನ ಮೇಲೆ ಬುತ್ತಿಯ ಗಂಟು, ಎದೆಯಲ್ಲಿ ಪ್ರಾಣಭಯ ಈ ಮೂರೂ ಇರಲೇಬೇಕೆಂದು ನಂಬಿದವರು ಒಮ್ಮೆ ಹೊನ್ನಾವರದ ದಕ್ಷಿಣಕ್ಕಿರುವ ಅಪ್ಸರಕೊಂಡಕ್ಕೆ ಹೋಗಿಬರಬೇಕು. ಕಾಸರಕೋಡನ್ನು ದಾಟಿ, ಹೆದ್ದಾರಿಯನ್ನು ಬಿಟ್ಟು ತುಸು ದೂರ ನಡೆದರೆ, ಏದುಸಿರು ಬರುವ ಮೊದಲೇ ಗುಡ್ಡದ ನೆತ್ತಿ ಬಂದುಬಿಡುತ್ತದೆ. ಕೆಳಗೆ ಜಲಪಾತ, ಅದು ಬೀಳುವ ಕೊಳ, ಪಾಂಡವರು ವಾಸವಾಗಿದ್ದರೆಂದು ಜನ ಹೇಳುವ ಗವಿಗಳು. ಎದುರಿಗೆ ಕಣ್ಣು ತುಂಬುವಷ್ಟು ಅರಬ್ಬೀ ಸಮುದ್ರ. ಆ ಕೊಳದಲ್ಲಿ ಮೀಯಲು ಅಪ್ಸರೆಯರು ಇಳಿದು ಬರುತ್ತಿದ್ದರಂತೆ.

ನಾನೂ ನನ್ನ ಸಹಪಾಠಿಯೊಬ್ಬನೂ ಅಲ್ಲಿಗೆ ಹೋದದ್ದು ಆಗಸ್ಟ್ ತಿಂಗಳ ಮೊದಲ ವಾರದಲ್ಲಿ. ಮಳೆ ಬಿಡುವು ಕೊಟ್ಟಿತ್ತು, ಗಾಳಿ ಕೊಟ್ಟಿರಲಿಲ್ಲ. ನೆತ್ತಿಯ ಮೇಲೆ ಕೊಡೆ ಬಿಚ್ಚಿದ್ದೇ ತಡ, ಅದು ತಾವರೆಯಂತೆ ಮೇಲ್ಮುಖವಾಗಿ ಅರಳಿತು. ಆಡಿದ ಮಾತು ಪಕ್ಕದವನಿಗೆ ಮುಟ್ಟುವ ಮೊದಲೇ ಘಟ್ಟದ ಕಡೆಗೆ ಹಾರಿಹೋಗುತ್ತಿತ್ತು. ನನಗೋ ಹಿಗ್ಗೇ ಹಿಗ್ಗು. ಮೇಘದೂತದ ಯಕ್ಷನು ಮೋಡವನ್ನು ಬೇಡಿಕೊಂಡನೇ ಹೊರತು ಅದನ್ನು ನೂಕುವ ಗಾಳಿಯನ್ನೇಕೆ ಬೇಡಿಕೊಳ್ಳಲಿಲ್ಲವೆಂದು ಗಂಟಲು ಹರಿಯುವಂತೆ ಕೂಗಿ ಕೇಳಿದೆ.

ಗೆಳೆಯ ಉತ್ತರ ಕೊಡಲಿಲ್ಲ. ಶರಾವತಿಯ ಅಳಿವೆಯಿರುವ ದಿಕ್ಕಿನ ಕಡೆ ನೋಡುತ್ತ ನಿಂತಿದ್ದ. ಅವನ ಅಣ್ಣ ಮೀನುಗಾರಿಕೆಯ ಬೋಟಿನಲ್ಲಿ ದುಡಿಯುವವನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅದು ಮುಗಿದು ನಾಲ್ಕು ದಿನವಾಗಿತ್ತು.

"ನಿನಗೆ ಇದು ಬರೀ ಗಾಳಿ ಮಾರಾಯ. ನಮ್ಮ ಮನೆಯಲ್ಲಿ ಇದಕ್ಕೆ ಲೆಕ್ಕ ಉಂಟು" ಎಂದ.

ಆ ಲೆಕ್ಕವನ್ನು ಅವನೇ ಬಿಡಿಸಿ ಹೇಳಿದ. ಬೇಸಿಗೆಯಲ್ಲಿ ಗಾಳಿ ಮಾತಿಗೆ ತಪ್ಪುವುದಿಲ್ಲ. ಹಗಲು ನೆಲ ಬೇಗ ಕಾಯುವುದರಿಂದ ಮಧ್ಯಾಹ್ನ ಕಡಲಿನಿಂದ ದಡಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಬೆಳಗಿನ ಜಾವ ದಡದಿಂದ ಕಡಲಿಗೆ ಬೀಸುತ್ತದೆ. ಅವನ ಅಜ್ಜನ ಕಾಲದ ಹಾಯಿದೋಣಿಗಳು ಒಂದು ಗಾಳಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತಿದ್ದವು. ಮಳೆಗಾಲದಲ್ಲಿ ಈ ಒಪ್ಪಂದವೆಲ್ಲ ರದ್ದು. ಹಗಲಿರುಳೂ ಪಡುವಣ ಗಾಳಿಯೇ. ಹಾಯಿ ಹೋಗಿ ಎಂಜಿನ್ನು ಬಂದರೂ, ಅಳಿವೆಯ ಮರಳದಿಬ್ಬದ ಮೇಲೆ ಒಡೆಯುವ ಅಲೆಯನ್ನು ಎಂಜಿನ್ನು ತಗ್ಗಿಸಲಾರದು. ಅಲೆ ಎಷ್ಟೆತ್ತರ ಏಳುವುದೆಂಬುದು ಈಗ ಮೊಬೈಲಿನಲ್ಲೇ ತಿಳಿಯುತ್ತದೆ. ಆದರೆ ಹೋಗಬೇಕೇ ಬೇಡವೇ ಎಂಬ ತೀರ್ಮಾನ ಮಾತ್ರ ಎರಡು ತಿಂಗಳಿಂದ ತಳ ಕಾಣುತ್ತಿರುವ ಅಕ್ಕಿಡಬ್ಬಿಯದು.

"ಅಣ್ಣ ಹೊರಟನೇ?" ಎಂದು ಕೇಳಿದೆ.

"ನಾಳೆ ಬೆಳಿಗ್ಗೆ. ಆಯಿ ಇಂದೇ ದೇವರಿಗೆ ಕಾಯಿ ಇಟ್ಟಿದ್ದಾಳೆ."

ಆಮೇಲೆ ಗಾಳಿಯನ್ನು ಹೊಗಳುವ ಮನಸ್ಸು ನನಗಾಗಲಿಲ್ಲ. ಹಳಿಯುವ ಧೈರ್ಯವೂ ಬರಲಿಲ್ಲ. ಮಳೆಯನ್ನು ಹೊತ್ತು ತಂದು ನಮ್ಮ ಗದ್ದೆಗಳನ್ನು ತುಂಬಿಸುವುದೂ ಅದೇ ಪಡುಗಾಳಿಯಲ್ಲವೇ? ಇಬ್ಬರೂ ಸುಮ್ಮನೆ ಕುಳಿತು ಅಲೆಯ ಬಿಳಿ ಗೆರೆಗಳನ್ನು ಎಣಿಸಿದೆವು.

ಮಹಾಪರ್ವತಗಳ ಶಿಖರದಿಂದ ನೋಡಿದರೆ ಊರುಕೇರಿಗಳೆಲ್ಲ ಚುಕ್ಕಿಗಳಾಗಿ ಕಾಣುತ್ತವಂತೆ. ಅಪ್ಸರಕೊಂಡಕ್ಕೆ ಅಷ್ಟು ಎತ್ತರವಿಲ್ಲ. ಅಲ್ಲಿಂದ ನೋಡಿದರೆ, ದಂಡೆಯ ಮೇಲೆ ಕುಳಿತು ಬಲೆ ಸರಿಪಡಿಸುವವರು ಮನುಷ್ಯರಾಗಿಯೇ ಕಾಣುತ್ತಾರೆ.